ತ್ರಿಂಬಾಕ್: ಅಲ್ಸಾಸ್‌ನ ವೈನ್ ಮನೆತನ ಮತ್ತು ಲೇಬಲ್ಲಿನ ಮೇಲಿನ ಹೆಸರು

ಫ್ರಾನ್ಸಿನ ಪೂರ್ವದಂಚಿನ ಅಲ್ಸಾಸ್ ಸೀಮೆಯ ರಿಬೋವಿಲೆ ಎಂಬ ಸಣ್ಣ ಊರಿನಲ್ಲಿ ನೆಲೆನಿಂತಿರುವ ತ್ರಿಂಬಾಕ್ ಮನೆತನ 1626ರಿಂದ ವೈನ್ ಕಸುಬಿನಲ್ಲಿದೆ. ಇಂದು ಹನ್ನೆರಡನೆಯ ಮತ್ತು ಹದಿಮೂರನೆಯ ತಲೆಮಾರುಗಳು ಜೊತೆಯಾಗಿ ಅದನ್ನು ನಡೆಸುತ್ತಿವೆ. ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ಡ್ರೈ ವೈನ್, ಎಂದರೆ ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಹೋಗಿ ನಾಲಿಗೆಗೆ ಸಿಹಿ ತಗಲದ ವೈನ್, ಈ ಮನೆಯ ಹೆಗ್ಗುರುತು. ಆದರೆ ವೈನ್ ಚರಿತ್ರೆಯಲ್ಲಿ ತ್ರಿಂಬಾಕ್‌ಗೆ ಪ್ರತ್ಯೇಕ ಪುಟ ಸಿಗುವುದಕ್ಕೆ ರುಚಿಗಿಂತ ದೊಡ್ಡ ಕಾರಣ ಒಂದಿದೆ. ವೈನಿನ ಗುಣ ನೆಲದಿಂದ ಬರುತ್ತದೆ, ಆದ್ದರಿಂದ ಬಾಟಲಿಯ ಮೇಲೆ ನೆಲದ ಹೆಸರಿರಬೇಕು ಎಂಬುದು ಫ್ರೆಂಚರ ಮೂಲನಂಬಿಕೆ. ಅವರ ಕಾನೂನು ನಿಂತಿರುವುದೂ ಅದರ ಮೇಲೆಯೇ. ಉತ್ತಮ ದರ್ಜೆಯ ಗುಡ್ಡಗಳನ್ನೇ ಕೈಯಲ್ಲಿಟ್ಟುಕೊಂಡ ಈ ಕುಟುಂಬ ಮಾತ್ರ ದಶಕಗಟ್ಟಲೆ ಆ ಗುಡ್ಡಗಳ ಹೆಸರನ್ನು ಲೇಬಲ್ಲಿನಿಂದ ದೂರವಿಟ್ಟು, ತನ್ನ ಮನೆಯ ಹೆಸರನ್ನೇ ಮುಂದೆ ಮಾಡಿತು. 2009ರ ಬೆಳೆಯಿಂದ ಆ ಪಟ್ಟು ಸ್ವಲ್ಪ ಸಡಿಲಿಸಿದೆ. ಇದನ್ನು ಹಟ ಎಂದವರಿದ್ದಾರೆ, ವ್ಯಾಪಾರದ ಜಾಣತನ ಎಂದವರೂ ಇದ್ದಾರೆ. ಅಲ್ಸಾಸ್‌ನ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಹಟಕ್ಕಿಂತ ಹೆಚ್ಚಾಗಿ ಅನಿವಾರ್ಯದಿಂದ ಹುಟ್ಟಿದ ಅಭ್ಯಾಸ. ಅಲ್ಲಿ ಬಹುಕಾಲ ವೈನಿಗೆ ಜಾಮೀನು ನಿಲ್ಲಬಲ್ಲ ಸ್ಥಿರ ಸಂಗತಿಯಾಗಿ ಉಳಿದದ್ದು ಮನೆತನದ ಹೆಸರೊಂದೇ.

ಮೊದಲಿಗೆ, ಈ ಮನೆತನ ಫ್ರೆಂಚ್ ನೆಲದಲ್ಲಿ ಹುಟ್ಟಿದ್ದೇ ಅಲ್ಲ. 1626ರಲ್ಲಿ ಮೂಲಪುರುಷ ಜಾನ್ ತ್ರಿಂಬಾಕ್ ಬೇರೂರಿದ ರಿಕ್ವೀರ್ ಊರು ಆಗ ಜರ್ಮನ್ ಸಂಸ್ಥಾನವಾದ ವ್ಯುರ್ಟೆಂಬರ್ಗ್ ದೊರೆಗಳಿಗೆ ಸೇರಿತ್ತು. ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದ ಕಾಲ ಅದು. 1648ರ ವೆಸ್ಟ್‌ಫೇಲಿಯಾ ಒಪ್ಪಂದದಿಂದ ಅಲ್ಸಾಸ್‌ನ ಬಹುಭಾಗ ಫ್ರಾನ್ಸಿನ ಪಾಲಾದರೂ ರಿಕ್ವೀರ್ ಮಾತ್ರ ಫ್ರೆಂಚ್ ಕ್ರಾಂತಿಯ ಕಾಲದವರೆಗೆ ವ್ಯುರ್ಟೆಂಬರ್ಗ್ ಕೈಯಲ್ಲೇ ಇತ್ತು. ಮುಂದೆ ಕುಟುಂಬ ನೆರೆಯ ಉನಾವೀರ್‌ಗೂ ಮೊದಲ ಮಹಾಯುದ್ಧದ ನಂತರ ರಿಬೋವಿಲೆಗೂ ಬಂತು. ಮೂರೂ ಊರುಗಳ ನಡುವಿನ ಅಂತರ ಬರೀ ನಾಲ್ಕೈದು ಕಿಲೋಮೀಟರ್. ಕುಟುಂಬ ಹೀಗೆ ಕಾಲ್ನಡಿಗೆಯ ದೂರದಲ್ಲೇ ಇದ್ದಾಗ ದೇಶ ಮಾತ್ರ ಅದರ ತಲೆಯ ಮೇಲೆ ಮತ್ತೆ ಮತ್ತೆ ಬದಲಾಯಿತು. 1871ರಲ್ಲಿ ಜರ್ಮನಿ, 1918ರಲ್ಲಿ ಫ್ರಾನ್ಸ್, 1940ರಲ್ಲಿ ಮತ್ತೆ ಜರ್ಮನಿ, ಯುದ್ಧದ ಕೊನೆಯಲ್ಲಿ ಮತ್ತೆ ಫ್ರಾನ್ಸ್. 1944–45ರ ಚಳಿಗಾಲದ ಕದನದಲ್ಲಿ ಹತ್ತಿರದ ಬೆನ್‌ವೀರ್, ಸಿಗೋಲ್ಸೈಮ್, ಅಮೆರ್ಶ್‌ವೀರ್ ಊರುಗಳು ನೆಲಸಮವಾದವು. ಎಪ್ಪತ್ತೈದು ವರ್ಷ ಬಾಳಿದವನೊಬ್ಬ ಹುಟ್ಟಿದ ಮನೆಯಿಂದ ಕದಲದೆ ನಾಲ್ಕು ಸಲ ಪ್ರಜೆತನ ಬದಲಿಸಿರಬಹುದಾದ ಸೀಮೆ ಇದು.

ಇಂಥ ಕಡೆ ಕಾನೂನಿನ ಜಾಮೀನು ತಡವಾಗಿ ಬಂದದ್ದು ಸಹಜ. ಫ್ರಾನ್ಸಿನ ಹೆಸರಾಂತ ವೈನ್ ಸೀಮೆಗಳಿಗೆ ಊರು–ನೆಲದ ಹೆಸರಿನ ಶಾಸನಬದ್ಧ ರಕ್ಷಣೆ ಸಿಕ್ಕಿದ್ದು 1935ರ ಕಾಯ್ದೆಯ ನಂತರ, 1936ರ ಸುಮಾರಿಗೆ. ಅಲ್ಸಾಸ್‌ಗೆ ಅದು ಸಿಕ್ಕಿದ್ದು 1962ರಲ್ಲಿ. ಅತ್ಯುತ್ತಮ ಗುಡ್ಡಗಳನ್ನು ಗುರುತಿಸುವ ‘ಗ್ರಾಂ ಕ್ರು’ ದರ್ಜೆ ಬಂದದ್ದು 1975ರಲ್ಲಿ. ಇದರ ನಡುವೆ ಜರ್ಮನ್ ಆಳ್ವಿಕೆಯ ಕಾಲದಲ್ಲಿ ಅಲ್ಸಾಸ್‌ನ ವೈನಿನ ದೊಡ್ಡ ಪಾಲು ಅಗ್ಗದ ಮಿಶ್ರಣಗಳಿಗೆ ಸುರಿಯುವ ಸರಕಾಗಿತ್ತು. ಆಗ ಒಳ್ಳೆಯ ವೈನ್ ಮಾಡಿದವನು ಅದನ್ನು ನಂಬಿಸುವುದು ಹೇಗೆ? ತನ್ನ ಹೆಸರು ಬರೆದು. 1898ರಲ್ಲಿ ಫ್ರೆಡೆರಿಕ್ ಎಮಿಲ್ ತ್ರಿಂಬಾಕ್ ಬ್ರಸೆಲ್ಸ್‌ನ ಅಂತರರಾಷ್ಟ್ರೀಯ ಮೇಳಕ್ಕೆ ವೈನ್ ಒಯ್ದು ಉನ್ನತ ಪುರಸ್ಕಾರ ಪಡೆದಾಗ ಅಲ್ಸಾಸ್ ಜರ್ಮನ್ ಸಾಮ್ರಾಜ್ಯದ ಭಾಗವಾಗಿತ್ತು. ಅಂದು ಯಾವ ದೇಶದ ಪರವಾಗಿ ಗೆದ್ದರೋ ಆ ದೇಶ ಇಪ್ಪತ್ತು ವರ್ಷದಲ್ಲಿ ಅಲ್ಲಿಂದ ಹೊರನಡೆಯಿತು, ಗೆದ್ದವರ ಹೆಸರು ಉಳಿಯಿತು. ಇಂದಿಗೂ ಲೇಬಲ್ಲಿನಲ್ಲಿ ‘ಎಫ್. ಇ. ತ್ರಿಂಬಾಕ್’ ಎಂಬ ಆ ಎರಡು ಇನಿಷಿಯಲ್‌ಗಳಿವೆ.

ಎರಡನೆಯ ಕಾರಣ ಪಾಲುಪಾರಿಕತ್ತಿನದು. 1804ರ ನೆಪೋಲಿಯನ್ ಸಂಹಿತೆ ಮಕ್ಕಳೆಲ್ಲರಿಗೂ ಆಸ್ತಿಯಲ್ಲಿ ಸಮಪಾಲು ಎಂದಿತು. ನ್ಯಾಯವಾದ ಮಾತೇ, ಆದರೆ ಮೂರು ತಲೆಮಾರು ಕಳೆಯುವಷ್ಟರಲ್ಲಿ ಹೊಲ ಗುಂಟೆಗಳ ಲೆಕ್ಕಕ್ಕೆ ಇಳಿಯುತ್ತದೆಂಬುದು ನಮ್ಮ ಹಳ್ಳಿಗಳಿಗೂ ಗೊತ್ತಿರುವ ಕಥೆ. ಬರ್ಗಂಡಿಯ ಕ್ಲೋ ದ ವೂಜೋ ಎಂಬ ಸುಮಾರು 50 ಹೆಕ್ಟೇರಿನ, ಸುತ್ತ ಗೋಡೆಯಿರುವ ಒಂದೇ ತೋಟಕ್ಕೆ ಇಂದು ಸುಮಾರು ಎಂಬತ್ತು ಜನ ಒಡೆಯರು. ಅಲ್ಸಾಸ್‌ನಲ್ಲೂ ಹಿಡುವಳಿಗಳು ಚೂರುಚೂರಾದವು. ಹತ್ತು ಸಾಲು ಬಳ್ಳಿಯಿರುವವನಿಗೆ ನೆಲಮಾಳಿಗೆ, ಗಾಣ, ಪೀಪಾಯಿ ಇಟ್ಟುಕೊಳ್ಳುವ ಶಕ್ತಿಯಿಲ್ಲ. ಅವನಿಗಿದ್ದ ದಾರಿ ಎರಡು: ಸಹಕಾರ ಸಂಘಕ್ಕೆ ಹಣ್ಣು ಹಾಕುವುದು ಅಥವಾ ಬಾಟಲಿ ತುಂಬುವ ಮನೆತನಕ್ಕೆ ಮಾರುವುದು. ಫ್ರಾನ್ಸಿನ ಅತಿ ಹಳೆಯ ವೈನ್ ಸಹಕಾರ ಸಂಘವೆಂದು ಹೇಳಿಕೊಳ್ಳುವ ಸಂಸ್ಥೆ 1895ರಲ್ಲಿ ಹುಟ್ಟಿದ್ದು ಇದೇ ರಿಬೋವಿಲೆಯಲ್ಲಿ. ತ್ರಿಂಬಾಕ್ ಎರಡನೆಯ ಬಗೆಯದು. ಸ್ವಂತ ತೋಟಗಳ ಜೊತೆಗೆ ಸುತ್ತಲಿನ ಬೆಳೆಗಾರರಿಂದಲೂ ಹಣ್ಣು ಕೊಳ್ಳುತ್ತದೆ. ತನ್ನ ಆಸ್ತಿ ಹೋಳಾಗದಂತೆ ಕುಟುಂಬ ಕಂಡುಕೊಂಡ ಉಪಾಯ ಕೆಲಸವನ್ನು ಹಂಚಿಕೊಳ್ಳುವುದು. ಹನ್ನೊಂದನೆಯ ತಲೆಮಾರಿನಲ್ಲಿ ಬೆರ್ನಾರ್ ನೆಲಮಾಳಿಗೆಯನ್ನೂ ತಮ್ಮ ಉಬೇರ್ ಮಾರಾಟವನ್ನೂ ನೋಡಿಕೊಂಡರು. ಮುಂದಿನ ತಲೆಮಾರಿನ ಪಿಯೆರ್ ಮತ್ತು ಜಾನ್ ಸಹೋದರರೂ ಅದೇ ಹಾದಿ ಹಿಡಿದರು, ಒಬ್ಬರು ವೈನ್ ಮಾಡುವುದು, ಇನ್ನೊಬ್ಬರು ಊರೂರು ಸುತ್ತಿ ಮಾರುವುದು. ಒಟ್ಟುಕುಟುಂಬದ ಈ ಏರ್ಪಾಡು ಇಲ್ಲದಿದ್ದರೆ ಮುಂದೆ ಹೇಳುವ ನಾಲ್ಕು ಎಕರೆ ತುಂಡು ಇಷ್ಟರಲ್ಲಿ ಹನ್ನೆರಡು ಕಡೆ ಹರಿದು ಹೋಗಿರುತ್ತಿತ್ತು.

ಆ ತುಂಡಿನ ಹೆಸರು ಕ್ಲೋ ಸ್ಯಾಂತ್ ಉನ್. ಉನಾವೀರ್ ಊರಿನ ಕೋಟೆಗೋಡೆಯ ಚರ್ಚಿನ ಮೇಲ್ಗಡೆ, ರೋಸಾಕರ್ ಎಂಬ ಇಳಿಜಾರಿನೊಳಗೆ, 1.67 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕು ಎಕರೆ ಐದು ಗುಂಟೆ. ಎರಡು ಶತಮಾನಕ್ಕೂ ಹೆಚ್ಚು ಕಾಲದಿಂದ ಇದೇ ಮನೆಯವರದು, ಆ ಹೆಸರಿನ ಮೊದಲ ಬಾಟಲಿ 1919ರದು. ಯುದ್ಧ ಮುಗಿದು ಅಲ್ಸಾಸ್ ಫ್ರಾನ್ಸಿಗೆ ಮರಳಿದ ಮರುವರ್ಷ ಎಂಬುದನ್ನು ಗಮನಿಸಬೇಕು. ಕೆಳಗಿರುವುದು ಕೋಟ್ಯಂತರ ವರ್ಷ ಹಿಂದಿನ ಕಡಲ ಚಿಪ್ಪುಗಳು ಗಟ್ಟಿಯಾಗಿ ಆದ ಸುಣ್ಣಕಲ್ಲು. ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು ಮಳೆಮೋಡಗಳನ್ನು ತಡೆಯುವುದರಿಂದ ಈ ಭಾಗ ಫ್ರಾನ್ಸಿನ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಒಂದು. ಹಣ್ಣು ಕೊಳೆಯದೆ ನಿಧಾನವಾಗಿ ಮಾಗುತ್ತದೆ. ವೈನನ್ನು ಬಾಟಲಿಗೆ ತುಂಬಿದ ಮೇಲೆ ಐದಾರು ವರ್ಷವಾದರೂ ನೆಲಮಾಳಿಗೆಯಲ್ಲಿಟ್ಟು ಆಮೇಲೆ ಮಾರುತ್ತಾರೆ. ಎಳೆಯದರಲ್ಲಿ ನಿಂಬೆಸಿಪ್ಪೆ, ಒದ್ದೆ ಕಲ್ಲು, ಹಲ್ಲು ಚಳುಕುವಷ್ಟು ಹುಳಿ, ಹೆಚ್ಚೇನೂ ಬಿಟ್ಟುಕೊಡುವುದಿಲ್ಲ. ಹತ್ತು ಹದಿನೈದು ವರ್ಷ ಕಳೆದದ್ದನ್ನು ಗ್ಲಾಸಿಗೆ ಬಗ್ಗಿಸಿದರೆ ಬಣ್ಣ ತಿಳಿಹಸಿರಿನಿಂದ ಹೊಂಬಣ್ಣಕ್ಕೆ ತಿರುಗಿರುತ್ತದೆ, ಮೂಗಿಗೆ ಮೊದಲು ತಗಲುವುದು ಸೀಮೆಎಣ್ಣೆ! ಉಪಮೆಗೆಂದು ಹೇಳಿದ್ದಲ್ಲ. ದ್ರಾಕ್ಷಿಯ ಸಿಪ್ಪೆಯಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳು ಒಡೆದು ವರ್ಷಗಳ ಮೇಲೆ ಹುಟ್ಟುವ ರಾಸಾಯನಿಕದ ವಾಸನೆಯೇ ಹಾಗಿದೆ. ಲಾಟೀನು ಕಂಡ ತಲೆಮಾರಿನ ಕನ್ನಡಿಗರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಆ ಘಾಟು ಹದದಲ್ಲಿದ್ದು, ಹಿಂದೆಯೇ ಜೇನು, ಬಾದಾಮಿ, ಕಿತ್ತಳೆಸಿಪ್ಪೆ ಬಂದರೆ ರೀಸ್ಲಿಂಗ್ ಬಲ್ಲವರು ಅದನ್ನು ದೋಷವೆನ್ನದೆ ಪ್ರಾಯವೆನ್ನುತ್ತಾರೆ. ಬಾಟಲಿಯ ಬೆಲೆ ಇಂದು ನೂರಾರು ಯೂರೊ.

ಇಲ್ಲಿಯೇ ತಕರಾರು. ರೋಸಾಕರ್ ಗ್ರಾಂ ಕ್ರು ದರ್ಜೆಯ ಗುಡ್ಡ; ಅದರೊಳಗೇ ಇರುವ ಕ್ಲೋ ಸ್ಯಾಂತ್ ಉನ್‌ಗೆ ಆ ಹೆಸರು ಹಾಕಿಕೊಳ್ಳುವ ಹಕ್ಕು ಪೂರ್ತಿ ಇದೆ, ಆದರೂ ಕುಟುಂಬ ಹಾಕಲಿಲ್ಲ. ಅದರ ಆಕ್ಷೇಪ ಗಡಿಗಳ ಬಗ್ಗೆ ಇತ್ತು. 1975ರಲ್ಲಿ ಶ್ಲೋಸ್‌ಬರ್ಗ್ ಒಂದರಿಂದ ಶುರುವಾದ ಪಟ್ಟಿ 1983ರಲ್ಲಿ ಇಪ್ಪತ್ತೈದಕ್ಕೆ, 1992ರಲ್ಲಿ ಐವತ್ತಕ್ಕೆ, ಆಮೇಲೆ ಐವತ್ತೊಂದಕ್ಕೆ ಏರಿತು. ಒಂದು ಗುಡ್ಡ ಎಲ್ಲಿ ಮುಗಿಯುತ್ತದೆಂದು ತೀರ್ಮಾನಿಸುವಾಗ ಕಲ್ಲುಮಣ್ಣಿನ ಜೊತೆ ಊರಿನ ರಾಜಕೀಯವೂ ಸೇರಿಕೊಳ್ಳದೆ ಇರದು. ಅಂಚಿನಲ್ಲಿರುವ ಯಾರಿಗೆ ತಾನೇ ಗೆರೆಯಾಚೆ ಉಳಿಯುವ ಮನಸ್ಸು? ರೋಸಾಕರ್‌ನ ಅಳತೆ 26 ಹೆಕ್ಟೇರ್ ಆಯಿತು. ಅದರ ಎದೆಯಲ್ಲಿರುವ 1.67 ಹೆಕ್ಟೇರಿಗೂ ಅಂಚಿನ ಇಳಿಜಾರಿಗೂ ಒಂದೇ ಮುದ್ರೆ ಎಂಬುದನ್ನು ತ್ರಿಂಬಾಕ್ ಒಪ್ಪಲಿಲ್ಲ. ರಿಕ್ವೀರ್‌ನ ಹ್ಯೂಗೆಲ್ ಮನೆತನ, ಎಗಿಸೈಮ್‌ನ ಲಿಯೋಂ ಬೇಯೆರ್ ಮನೆತನಗಳೂ ಇದೇ ನಿಲುವು ತಳೆದವು. ಮೂರೂ ಹಳೆಯ ಮನೆಗಳು, ಮೂರಕ್ಕೂ ತಮ್ಮ ಹೆಸರಿನದೇ ಮಾರುಕಟ್ಟೆ ಇತ್ತು ಎಂಬುದನ್ನೂ ಜೊತೆಗೇ ಹೇಳಬೇಕು.

ಇದಕ್ಕೆ ಎದುರು ವಾದ ಹೂಡುವವರ ಮಾತಿನಲ್ಲಿ ತೂಕವಿದೆ. ಮೊದಲನೆಯದು ಅಸಂಗತಿಯ ಆರೋಪ. ನೆಲದ ಹೆಸರು ಬೇಡವೆನ್ನುವವರು ಕ್ಲೋ ಸ್ಯಾಂತ್ ಉನ್ ಎಂದು ಬರೆಯುತ್ತಾರಲ್ಲ, ಅದೂ ನೆಲದ ಹೆಸರೇ ಅಲ್ಲವೇ? ಹೌದು. ಆದರೆ ಆ ಹೆಸರಿನ ಸುತ್ತ ಬೇಲಿ ಹಾಕಿದ್ದು ಸಮಿತಿಯಲ್ಲ, ಒಡೆಯ. ಅದರಲ್ಲಿ ಬೇರೆಯವರ ಪಾಲಿಲ್ಲ, ಆದ್ದರಿಂದ ಬೇರೆಯವರ ತಪ್ಪಿಗೂ ಜಾಗವಿಲ್ಲ. ಕುಟುಂಬ ವಿರೋಧಿಸಿದ್ದು ನೆಲವನ್ನಲ್ಲ, ಹತ್ತಾರು ಕೈಗಳು ಹಂಚಿಕೊಳ್ಳುವ ನೆಲದ ಹೆಸರನ್ನು. ಎರಡನೆಯ ಆರೋಪ ಇನ್ನೂ ಹರಿತ. ಹಣ್ಣು ಕೊಂಡು ವೈನ್ ಮಾಡುವವನಿಗೆ ಗುಡ್ಡಗಳ ಹೆಸರು ಪ್ರಸಿದ್ಧವಾಗದಿರುವುದೇ ಲಾಭ. ಗುಡ್ಡ ಹೆಸರುವಾಸಿಯಾದರೆ ಅಲ್ಲಿನ ಸಣ್ಣ ಬೆಳೆಗಾರ ತಾನೇ ಬಾಟಲಿ ತುಂಬುತ್ತಾನೆ, ಇಲ್ಲವೇ ಹಣ್ಣಿನ ದರ ಏರಿಸುತ್ತಾನೆ. ಇದನ್ನು ತಳ್ಳಿಹಾಕಲಾಗದು. ಗ್ರಾಂ ಕ್ರು ಪದ್ಧತಿಯಿಂದ ಅಲ್ಸಾಸ್‌ನ ಎಷ್ಟೋ ಸಣ್ಣ ಕುಟುಂಬಗಳು ಸ್ವಂತ ಹೆಸರು ಕಟ್ಟಿಕೊಂಡಿದ್ದು ನಿಜ. ದೊಡ್ಡ ಮನೆಗಳ ಮೌನ ಆ ಗುಡ್ಡಗಳ ಕೀರ್ತಿಗೆ ದಶಕಗಳಷ್ಟು ನಷ್ಟ ಮಾಡಿದ್ದೂ ನಿಜ. ಮನೆತನದ ಜಾಮೀನು ಕೊಳ್ಳುವವನಿಗೆ ಉಪಕಾರಿ, ನೆರೆಯವನಿಗೆ ಅಷ್ಟೇನೂ ಅಲ್ಲ.

ಆದರೆ ಕೊಳ್ಳುವವನ ಮಟ್ಟಿಗೆ ಆ ಜಾಮೀನು ಏನನ್ನು ಕಾಯಿತು ಎಂಬುದಕ್ಕೆ ಸಕ್ಕರೆಯ ವಿಚಾರವೊಂದೇ ಸಾಕು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಸಾಸ್‌ನ ಹಲವು ಉತ್ಪಾದಕರು ಹಣ್ಣನ್ನು ಹೆಚ್ಚು ಮಾಗಿಸಿ, ಹುದುಗುವಿಕೆ ಅರ್ಧಕ್ಕೆ ನಿಂತ ಸಿಹಿಮಿಶ್ರ ವೈನ್‌ಗಳತ್ತ ವಾಲಿದರು. ಒಂದೇ ಗುಡ್ಡದ, ಒಂದೇ ತಳಿಯ, ಒಂದೇ ವರ್ಷದ ಎರಡು ಬಾಟಲಿಗಳಲ್ಲಿ ಒಂದು ಮೀನಿನ ಊಟಕ್ಕೆ ಒಪ್ಪುವಷ್ಟು ಡ್ರೈ, ಇನ್ನೊಂದು ಸಿಹಿತಿಂಡಿಯ ಪಕ್ಕಕ್ಕೆ ಇಡುವಂಥದ್ದು. ಲೇಬಲ್ ನೋಡಿ ಹೇಳುವಂತಿರಲಿಲ್ಲ. ಗ್ರಾಂ ಕ್ರು ಎಂಬ ಮುದ್ರೆ ಎಲ್ಲಿಯದೆಂದು ಹೇಳುತ್ತಿತ್ತು, ಹೇಗಿರುತ್ತದೆಂದು ಹೇಳುತ್ತಿರಲಿಲ್ಲ. ಡ್ರೈಯೋ ಸಿಹಿಯೋ ಎಂಬುದನ್ನು ಲೇಬಲ್ಲಿನಲ್ಲಿ ಕಡ್ಡಾಯವಾಗಿ ಬರೆಯುವ ನಿಯಮ ಅಲ್ಸಾಸ್‌ಗೆ ಬಂದದ್ದು 2021ರ ಬೆಳೆಯಿಂದ. ಅಷ್ಟು ವರ್ಷವೂ ತ್ರಿಂಬಾಕ್ ಎಂಬ ಹೆಸರೇ ಡ್ರೈ ಎಂಬುದಕ್ಕೆ ಪರ್ಯಾಯಪದವಾಗಿತ್ತು. ಅದರ ಹಿಂದಿನ ಕೆಲಸ ಸರಳ, ಶಿಸ್ತು ಕಠಿಣ. ಸಕ್ಕರೆ ಮುಗಿಯುವವರೆಗೆ ರಸವನ್ನು ಹುದುಗಲು ಬಿಡುತ್ತಾರೆ. ಹಸಿ ಸೇಬಿನಲ್ಲಿರುವಂಥ ಚುರುಕು ಹುಳಿ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಮೊಸರಿನಂಥ ಮೆದು ಹುಳಿಯಾಗುವ ಎರಡನೆಯ ಹಂತವೊಂದಿದೆ. ಬರ್ಗಂಡಿಯ ಬಿಳಿ ವೈನ್‌ಗಳಲ್ಲಿ ಅದನ್ನು ಬೇಕೆಂದೇ ನಡೆಸುತ್ತಾರೆ, ಇಲ್ಲಿ ತಡೆಯುತ್ತಾರೆ. ಹೊಸ ಓಕ್ ಮರದ ಪರಿಮಳ ಹತ್ತಿಸುವುದಿಲ್ಲ. ಬೇಗನೆ ಬಾಟಲಿಗೆ ತುಂಬಿ, ಮಾಗಿಸುವ ಕೆಲಸವನ್ನು ಬಾಟಲಿಗೇ ಬಿಡುತ್ತಾರೆ. ಸಿಹಿಯಿಲ್ಲದೆ, ಮರದ ಘಮವಿಲ್ಲದೆ, ಹುಳಿಯ ಬೆನ್ನೆಲುಬಿನ ಮೇಲೆ ನಿಂತ ವೈನಿನಲ್ಲಿ ಹಣ್ಣಿನ ಕುಂದನ್ನು ಮುಚ್ಚಿಡಲು ಎಡೆಯಿಲ್ಲ.

ಈಗ ಮನೆಯಿಂದ ಹೊರಡುವ ವೈನ್‌ಗಳನ್ನು ನೋಡಿದರೆ ಎರಡು ಬಗೆಯ ಜಾಮೀನೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ತಳದಲ್ಲಿ ತಳಿಯ ಹೆಸರಿನ ದಿನಬಳಕೆಯ ಬಾಟಲಿಗಳಿವೆ: ರೀಸ್ಲಿಂಗ್, ಪಿನೋ ಬ್ಲಾಂ, ಪಿನೋ ಗ್ರಿ, ಮಸ್ಕಾ, ಗೆವುರ್ತ್ಸ್‌ತ್ರಾಮಿನರ್, ಕೆಂಪಿಗೆ ಪಿನೋ ನುಆರ್. ಕೊಂಡ ಹಣ್ಣಿನ ದೊಡ್ಡ ಪಾಲು ಸೇರುವುದು ಇಲ್ಲಿಗೆ, ಮನೆತನದ ಹೆಸರು ಅತಿ ಹೆಚ್ಚು ದುಡಿಯುವುದೂ ಇಲ್ಲಿಯೇ. ಅದರ ಮೇಲೆ ‘ರೆಸೆರ್ವ್’ ಸಾಲು. ಗುಲಾಬಿ, ಲೀಚಿ ಹಣ್ಣು, ಮಸಾಲೆ ಪರಿಮಳದ ಗೆವುರ್ತ್ಸ್‌ತ್ರಾಮಿನರ್‌ನ ಉತ್ತಮ ಬಾಟಲಿಗೆ ರಿಬೋವಿಲೆಯನ್ನು ಹಿಂದೆ ಆಳಿದ ರಿಬೋಪಿಯೆರ್ ಪಾಳೆಯಗಾರರ ಹೆಸರಿಟ್ಟಿದ್ದಾರೆ. ಊರ ಮೇಲಿನ ಬೆಟ್ಟದಲ್ಲಿ ಅವರ ಮೂರು ಪಾಳುಕೋಟೆಗಳು ಇನ್ನೂ ನಿಂತಿವೆ. ರೀಸ್ಲಿಂಗ್‌ನಲ್ಲಿ ನಡುಕಂಬ ಎನ್ನಬೇಕಾದದ್ದು ‘ಕ್ಯುವೆ ಫ್ರೆಡೆರಿಕ್ ಎಮಿಲ್’. ಮನೆಯ ಹಿಂದೆಯೇ ಏರುವ ಗೈಸ್‌ಬರ್ಗ್ ಮತ್ತು ಓಸ್ಟರ್‌ಬರ್ಗ್, ಕನ್ನಡದಲ್ಲಿ ಆಡುಗುಡ್ಡ ಮತ್ತು ಮೂಡಣಗುಡ್ಡ, ಎಂಬೆರಡು ಗ್ರಾಂ ಕ್ರು ಇಳಿಜಾರುಗಳ ಹಣ್ಣನ್ನು ಬೆರೆಸಿ ಮಾಡುವ ಇದನ್ನೂ ವರ್ಷಗಟ್ಟಲೆ ಇಟ್ಟೇ ಮಾರುತ್ತಾರೆ. ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಈ ಬಾಟಲಿಯೇ. ಎರಡೂ ಗುಡ್ಡ ಗ್ರಾಂ ಕ್ರು, ಎರಡನ್ನೂ ಬೆರೆಸಿದರೆ ಗ್ರಾಂ ಕ್ರು ಅಲ್ಲ; ಕಾನೂನಿನ ಪ್ರಕಾರ ಆ ಪದವಿ ಒಂದೇ ಗುಡ್ಡದ ವೈನಿಗೆ ಮಾತ್ರ. ಗುಣ ಬೇರೆಯಾದ ಎರಡು ನೆಲಗಳು ಸೇರಿ ಬಿಡಿಯಾಗಿ ಇರುವುದಕ್ಕಿಂತ ಚೆನ್ನಾಗಬಹುದು ಎಂಬ ನಾಲಿಗೆಯ ತಿಳಿವಳಿಕೆಗೆ ನೆಲದ ಕಾನೂನಿನಲ್ಲಿ ಕಾಲಂ ಇಲ್ಲ. ಅದನ್ನು ಹೊರಬಲ್ಲದ್ದು ಮನುಷ್ಯನ ಹೆಸರು ಮಾತ್ರ.

ಹಾಗಿದ್ದೂ 2009ರ ಬೆಳೆಯಿಂದ ಗ್ರಾಂ ಕ್ರು ಎಂಬ ಪದ ತ್ರಿಂಬಾಕ್ ಲೇಬಲ್ಲಿಗೆ ಬಂತು. ರಿಬೋವಿಲೆಯ ಕಾನ್ವೆಂಟಿನ ಸನ್ಯಾಸಿನಿಯರಿಗೆ ಸೇರಿದ ಗೈಸ್‌ಬರ್ಗ್‌ನ ಬಳ್ಳಿಗಳನ್ನು ಗುತ್ತಿಗೆಗೆ ಹಿಡಿದು, ಅದರ ರೀಸ್ಲಿಂಗ್ ಅನ್ನು ಗುಡ್ಡದ ಹೆಸರಿನಲ್ಲೇ ಹೊರತಂದರು. ಆಮೇಲೆ ಕೇಸೆರ್ಸ್‌ಬರ್ಗ್ ಬಳಿಯ ಗ್ರಾನೈಟ್ ನೆಲದ ಶ್ಲೋಸ್‌ಬರ್ಗ್, ಅಂದರೆ ಕೋಟೆಗುಡ್ಡ, ಸೇರಿತು. ಬಾದಾಮಿಗುಡ್ಡ ಎಂಬರ್ಥದ ಮಾಂಡೆಲ್‌ಬರ್ಗ್, ಟುರ್ಕೈಮ್‌ನ ಬ್ರಾಂಡ್ ಗುಡ್ಡಗಳೂ ಬಂದವು. (ಈ ಕೊನೆಯ ಹೆಸರಿಗೂ ವ್ಯಾಪಾರದ ಬ್ರ್ಯಾಂಡಿಗೂ ಸಂಬಂಧವಿಲ್ಲ, ಜರ್ಮನ್ನಿನಲ್ಲಿ ಅದಕ್ಕೆ ಬೆಂಕಿ ಎಂದರ್ಥ, ಅಷ್ಟು ಬಿಸಿಲು ಕಾಯುವ ಜಾಗ.) ಇದು ಸೋಲೊಪ್ಪಿಗೆಯೇ? ಹಾಗನ್ನುವವರು ಒಂದನ್ನು ಮರೆಯುತ್ತಾರೆ. ಗೈಸ್‌ಬರ್ಗ್ ಬಿಟ್ಟರೆ ಹೊಸದಾಗಿ ಕೈಸೇರಿದ ಗುಡ್ಡಗಳಿಗೆ ಈ ಮನೆಯೊಂದಿಗೆ ಹಳೆಯ ನಂಟಿಲ್ಲ. ಶ್ಲೋಸ್‌ಬರ್ಗ್ ಅನ್ನು ತ್ರಿಂಬಾಕ್ ಹೆಸರಿನಲ್ಲಿ ಮಾತ್ರ ಮಾರಿದರೆ ಕೊಳ್ಳುವವನಿಗೆ ಗ್ರಾನೈಟಿನ ವೈನ್ ಯಾವುದು, ಸುಣ್ಣದ ವೈನ್ ಯಾವುದು ಎಂದು ತಿಳಿಯದು. ಜೊತೆಗೆ ಗ್ರಾಂ ಕ್ರು ನಿಯಮಗಳೂ ಮೊದಲಿನಂತಿಲ್ಲ, 2011ರಲ್ಲಿ ಪ್ರತಿಯೊಂದು ಗುಡ್ಡಕ್ಕೂ ಪ್ರತ್ಯೇಕ ಶಾಸನಬದ್ಧ ಸ್ಥಾನ ಸಿಕ್ಕು ಅಲ್ಲಲ್ಲಿನ ಬೆಳೆಗಾರರಿಗೆ ತಮ್ಮ ಗುಡ್ಡದ ಕಟ್ಟುಪಾಡು ಬಿಗಿ ಮಾಡುವ ಅವಕಾಶ ಬಂತು. ಜಾಮೀನು ನಂಬುವಂತಾದಾಗ ಅದನ್ನು ಬಳಸಿಕೊಳ್ಳುವುದು ಹಿಂದಿನ ಅಪನಂಬಿಕೆ ತಪ್ಪೆಂದು ಒಪ್ಪಿಕೊಂಡಂತಲ್ಲ.

ಇನ್ನು ನಾಲ್ಕು ಶತಮಾನದ ಹಳಮೆ ಬರೀ ಜಾಹೀರಾತು ಎಂಬ ಮಾತು. ಹಳೆಯದಾದ ಮಾತ್ರಕ್ಕೆ ವೈನ್ ಚೆನ್ನಾಗುವುದಿಲ್ಲ, ಸರಿ. ಶತಮಾನಗಳ ಹೆಸರಿಟ್ಟುಕೊಂಡು ನೀರಸ ವೈನ್ ಮಾರುವ ಮನೆಗಳಿಗೆ ಯುರೋಪಿನಲ್ಲಿ ಬರವಿಲ್ಲ, ಅದೇ ರಿಬೋವಿಲೆಯ ಸಹಕಾರ ಸಂಘ ಯಾವ ವಂಶದ ಬಲವೂ ಇಲ್ಲದೆ ಗೌರವದಿಂದ ಬಾಳಿದೆ. ತ್ರಿಂಬಾಕ್ ವಿಷಯದಲ್ಲಿ ಹಳಮೆಯ ಬೆಲೆ ಬೇರೆಡೆ ಇದೆ: ಇಂದು ಮಾಡಿದ್ದನ್ನು ಏಳು ವರ್ಷ ಬಿಟ್ಟು ಮಾರುವ ತಾಳ್ಮೆ ಸಾಲಗಾರನಿಗಾಗಲಿ ಮೂರು ತಿಂಗಳಿಗೊಮ್ಮೆ ಲಾಭ ಕೇಳುವ ಷೇರುದಾರನಿಗಾಗಲಿ ಕಷ್ಟ. ಮುಂದಿನ ಪರೀಕ್ಷೆ ಬಿಸಿಲಿನದು. ಅಕ್ಟೋಬರ್‌ನಲ್ಲಿ ನಡೆಯುತ್ತಿದ್ದ ಕೊಯ್ಲು ಅಲ್ಸಾಸ್‌ನಲ್ಲಿ ಈಗ ಸೆಪ್ಟೆಂಬರ್‌ಗೆ, ಕೆಲವು ವರ್ಷ ಅದಕ್ಕೂ ಮೊದಲಿಗೆ ಜಾರಿದೆ. ಹಿಂದಿನವರಿಗೆ ಸಕ್ಕರೆ ಬರಿಸುವುದು ಕಷ್ಟವಾಗಿತ್ತು, ಈಗಿನವರಿಗೆ ಹುಳಿ ಉಳಿಸಿಕೊಳ್ಳುವುದು ಕಷ್ಟ. ಆ ಸೀಮೆಎಣ್ಣೆಯ ಘಾಟೂ ಬಿಸಿಲು ಹೆಚ್ಚಿದಷ್ಟು ಬೇಗ, ಹೆಚ್ಚು ಬರುತ್ತದೆ. ಗುಡ್ಡದ ಹೆಸರು ಇದಕ್ಕೆ ಏನೂ ಮಾಡಲಾರದು. ಯಾವ ದಿನ ಕೊಯ್ಯಬೇಕು, ಎಷ್ಟು ಎಲೆ ಉಳಿಸಬೇಕು ಎಂದು ತೀರ್ಮಾನಿಸುವ ಕೈ ಮಾಡಬೇಕು. ಸ್ವಂತ ತೋಟಗಳನ್ನು ಕುಟುಂಬ ಈಗ ಸಾವಯವ ಕ್ರಮಕ್ಕೆ ತಂದಿದೆ, ನೆಲಮಾಳಿಗೆಯ ಹೊಣೆ ನಿಧಾನವಾಗಿ ಕಿರಿಯರತ್ತ ಸರಿಯುತ್ತಿದೆ. ಗೈಸ್‌ಬರ್ಗ್, ಶ್ಲೋಸ್‌ಬರ್ಗ್ ಬಾಟಲಿಗಳ ಮೇಲೆ ಗ್ರಾಂ ಕ್ರು ಎಂದು ಅಚ್ಚಾಗುತ್ತಿದೆ. ಕ್ಲೋ ಸ್ಯಾಂತ್ ಉನ್ ಬಾಟಲಿಯ ಮೇಲೆ ಮಾತ್ರ ರೋಸಾಕರ್ ಎಂಬ ಹೆಸರು ಇಂದಿಗೂ ಇಲ್ಲ.